ಹಳೇ ಕೋವಿ ನೋಡೋಕೆ ಹೊರಟಿದ್ದೀರಾ? ಗಜ ಮೊದಲು, ರೇಟು ಆಮೇಲೆ

ಗದ್ದೆಗೆ ಹಂದಿ, ತೋಟಕ್ಕೆ ಮಂಗ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರದ್ದೋ ಮನೆಯಲ್ಲಿ ಹಳೇ ಕೇಪಿನ ಕೋವಿ ಕೊಡುವುದಕ್ಕಿದೆ ಅಂತ ಸುದ್ದಿ ಬಂದರೆ ನಮ್ಮ ಹುಡುಗರು ಬೈಕ್ ಹತ್ತಿಬಿಡುತ್ತಾರೆ. ಸೆಕೆಂಡ್‌ಹ್ಯಾಂಡ್ ಟಿಲ್ಲರ್ ಕೈಕೊಟ್ಟರೆ ದುಡ್ಡು ಹೋಗುತ್ತೆ. ಕೋವಿ ಕೈಕೊಟ್ಟರೆ ಕಣ್ಣೇ ಹೋಗಬಹುದು. ಸಾವಯವದವನಿಗೆ ಕೋವಿ ಉಸಾಬರಿ ಯಾಕೆ ಅನ್ನಬೇಡಿ, ಹಂದಿಗೆ ಸಾವಯವ ಗದ್ದೆ ಬೇರೆ ಅಲ್ಲ.

ಮೊದಲ ಕೆಲಸ, ಕೋವಿ ಖಾಲಿಯೋ ಅಲ್ಲವೋ ಅಂತ ತಿಳಿಯುವುದು. ಬಾಯಿಂದ ಮಸಿ ತುಂಬುವ ಕೋವಿಯನ್ನು ತೋಟಾ ಕೋವಿಯ ಹಾಗೆ ಮುರಿದು ನೋಡೋಕಾಗಲ್ಲ. ಅಟ್ಟದಲ್ಲಿ ಹತ್ತಿಪ್ಪತ್ತು ವರ್ಷ ಬಿದ್ದಿದ್ದರೂ ಒಳಗೆ ಈಡು ಇರಬಹುದು. "ಹಳೇ ಮಸಿ, ಸತ್ತಿರುತ್ತೆ ಬಿಡಾ" ಅನ್ನೋರನ್ನ ನಂಬಬೇಡಿ. ತೇವ ತಾಗದ ಕರಿಮಸಿ ದಶಕಗಳ ನಂತರವೂ ಹೊತ್ತಿಕೊಳ್ಳುತ್ತದೆ. ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಾಯಿ ಯಾರ ಕಡೆಗೂ ಇಲ್ಲದಂತೆ ಹಿಡಿದು, ಪಕ್ಕಕ್ಕೆ ನಿಂತು ಗಜವನ್ನು ಮೆಲ್ಲಗೆ ಇಳಿಸಿ. ನಳಿಗೆಯ ಬಾಯಿ ಬಂದ ಕಡೆ ಗಜದ ಮೇಲೆ ಗುರುತು ಹಾಕಿ. ಈಗ ಅದೇ ಗಜವನ್ನು ಹೊರತೆಗೆದು, ಗುರುತು ಬಾಯಿಗೆ ಸರಿಯಾಗಿ ಬರುವಂತೆ ನಳಿಗೆಯ ಹೊರಗೆ ಇಟ್ಟು ನೋಡಿ. ತುದಿ ಕೇಪು ಕೂರುವ ಜಾಗದ ಹತ್ತಿರ ಬಂದರೆ ಖಾಲಿ. ಎರಡು ಮೂರು ಇಂಚು ಹಿಂದೆಯೇ ನಿಂತರೆ ಒಳಗೆ ಈಡೋ ಕಸವೋ ಇದೆ. ಕೆರೆದು ತೆಗೆಯೋಕೆ ಹೋಗಬೇಡಿ. ಅದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೆಲಸ.

ಖಾಲಿ ಅಂತ ಗೊತ್ತಾದ ಮೇಲೆ ನಳಿಗೆ ನೋಡಿ. ಹೊಡೆದ ಮೇಲೆ ಉಳಿಯುವ ಮಸಿಯ ಕಿಟ್ಟ ಗಾಳಿಯ ತೇವ ಹೀರುತ್ತದೆ. ನಮ್ಮ ಆಷಾಢದ ಮಳೆಯಲ್ಲಿ, ತೊಳೆಯದೆ ಇಟ್ಟ ಕೋವಿ ಒಳಗಿಂದಲೇ ತುಕ್ಕು ಹಿಡಿಯುತ್ತದೆ, ಅದರಲ್ಲೂ ಮಸಿ ಕೂರುವ ಬುಡದಲ್ಲಿ. ಒತ್ತಡ ಜಾಸ್ತಿ ಬೀಳುವುದೂ ಅಲ್ಲಿಯೇ. ಬುಡ ಮುಚ್ಚಿರುವುದರಿಂದ ಕಣ್ಣಿಟ್ಟರೆ ಕಾಣಲ್ಲ. ಇಲ್ಲಿ ನಿಮ್ಮ ಫೋನ್ ಉಪಯೋಗಕ್ಕೆ ಬರುತ್ತೆ: ಫೋನಿಗೆ ಸಿಕ್ಕಿಸುವ ತೆಳು ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ಬುಡದವರೆಗೂ ನೋಡಿ. ಆಮೇಲೆ ಎಣ್ಣೆ ಬಟ್ಟೆಯನ್ನು ಗಜಕ್ಕೆ ಬಿಗಿಯಾಗಿ ಸುತ್ತಿ ಎಳೆಯಿರಿ. ಎಲ್ಲೋ ಒಂದು ಕಡೆ ದಿಢೀರ್ ಸಡಿಲ ಆದರೆ ಅಲ್ಲಿ ನಳಿಗೆ ಉಬ್ಬಿದೆ. ಬಟ್ಟೆ ಸಿಕ್ಕಿ ಹರಿದರೆ ಕುಳಿ ಬಿದ್ದಿದೆ. ಹೊರಗೆ ಬೆರಳಾಡಿಸಿ ಉಬ್ಬು ಹುಡುಕಿ. ನಳಿಗೆಗೆ ಅಥವಾ ಬುಡಕ್ಕೆ ವೆಲ್ಡಿಂಗ್ ಮಾಡಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ ಅಂತ ನನ್ನ ಅಭಿಪ್ರಾಯ.

ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದುಕೊಂಡೇ ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಒತ್ತಿ. ಬೀಳಬಾರದು. ಪೂರ್ತಿ ಎಳೆದಾಗ ಪಕ್ಕದಿಂದ ದೂಡಿದರೂ ಬೀಳಬಾರದು. ಮರದ ಹಿಡಿಯ ಕುತ್ತಿಗೆಯಲ್ಲಿ ಬಿರುಕು, ಗೆದ್ದಲು ನೋಡಿಕೊಳ್ಳಿ.

ಇನ್ನು ಚಕಮಕಿ ಕಲ್ಲಿನ ಕೋವಿ. ಇದು ಕೇಪಿಗಿಂತ ಹಳೇ ಕಾಲದ್ದು. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿ, ಪಕ್ಕದ ಸಣ್ಣ ತೂತಿನಿಂದ ಬೆಂಕಿ ಒಳಗೆ ಹೋಗಬೇಕು. ಸವೆದು ಆ ತೂತು ಅಗಲ ಆಗಿದ್ದರೆ ಬೆಂಕಿ ಪಕ್ಕಕ್ಕೆ ಚಿಮ್ಮುತ್ತದೆ. ನಮ್ಮ ಮಳೆಗೆ ಇದು ಆಗಿಬರೋದೂ ಇಲ್ಲ. "ಆಂಟಿಕ್ ಪೀಸು, ಲೈಸೆನ್ಸ್ ಬೇಡ" ಅಂತ ಮಾರುವವರು ಇರುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೇ ಆಯುಧಕ್ಕೆ ಮಾತ್ರ. ನಗರದ ಕೋಟೆ ಕಾಲದ್ದು, ಮಣ್ಣಲ್ಲಿ ಸಿಕ್ಕಿದ್ದು ಅಂದರೆ ಇನ್ನೂ ದೂರ ಇರಿ. 2018ರಲ್ಲಿ ಬಿದನೂರಿನ ಹಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನೆನಪಿರಬಹುದು. ಅಂಥವು ಸೇರಬೇಕಾದ್ದು ಸರ್ಕಾರಕ್ಕೆ.

ಕಾಗದದ ವಿಷಯ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ನಮಗಿಲ್ಲ. ಕೋವಿ ಕೈಗೆ ಬರುವ ಮುಂಚೆಯೇ ನಿಮ್ಮ ಹೆಸರಲ್ಲಿ ಲೈಸೆನ್ಸ್ ಇರಬೇಕು. ನಿಜವಾಗಿ ಬೆಳೆ ರಕ್ಷಣೆಗೆ ಬೇಕು ಅನ್ನುವವರಿಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸ್ ಕೊಡಲು ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಪೊಲೀಸ್ ವರದಿ ಬರಬೇಕು, ಅಲೆದಾಟ ಇದ್ದದ್ದೇ. ಮಾರುವವರೂ ನಿಮ್ಮ ಹೆಸರು, ವಿಳಾಸ ಹಾಕಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ನಳಿಗೆಯ ಮೇಲಿನ ನಂಬರೂ ಅವರ ಲೈಸೆನ್ಸಿನ ನಂಬರೂ ಒಂದೇ ಇರಬೇಕು. ಅರದಿಂದ ಉಜ್ಜಿ ಮತ್ತೆ ಕೆತ್ತಿದ ಹಾಗೆ ಕಂಡರೆ ಚಾ ಕುಡಿದು ಎದ್ದು ಬನ್ನಿ.

ಲೈಸೆನ್ಸ್ ಸಿಕ್ಕಿತು ಅಂತ ಹಂದಿಗೆ, ಮಂಗಕ್ಕೆ ಗುರಿ ಇಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಂದರೆ ಅದು ಬೇಟೆ. ನಮ್ಮ ಮಟ್ಟಿಗೆ ಕೋವಿ ಅಂದರೆ ಶಬ್ದ ಮಾಡಿ ಓಡಿಸುವ ಸಾಧನ. ಅಷ್ಟಕ್ಕೇ ಇಷ್ಟೆಲ್ಲ ಬೇಕಾ ಅಂತ ಒಮ್ಮೆ ಲೆಕ್ಕ ಹಾಕಿ.

ಕೊಳ್ಳುವ ಪ್ರಶ್ನೆಯೇ ಇಲ್ಲ, ಅಜ್ಜನ ಕೋವಿ ಮನೆಯಲ್ಲೇ ಇದೆ ಅನ್ನುವವರೂ ಇದ್ದೀರಿ. ಅಜ್ಜ ತೀರಿಕೊಂಡ ಮೇಲೆ ಅವರ ಲೈಸೆನ್ಸಿನ ಆಧಾರದ ಮೇಲೆ ಅದನ್ನು ಗೋಡೆಗೆ ನೇತುಹಾಕಿಕೊಂಡು ಇರುವಂತಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಿ. ಒಳಗೆ ಈಡು ಇರಬಹುದು ಅನ್ನೋ ಅನುಮಾನ ಇದ್ದರೆ ಮುಟ್ಟದೆ ಮೊದಲು ಠಾಣೆಗೆ ಫೋನ್ ಮಾಡಿ. ಠೇವಣಿ ರಸೀದಿ ತೆಗೆದುಕೊಂಡು ಫೋನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ನಿಮ್ಮ ಹೆಸರಿಗೆ ಲೈಸೆನ್ಸ್ ಆದ ದಿನ ವಾಪಸ್ ಕೇಳೋಕೆ ಅದೇ ಬೇಕಾಗೋದು.