ಸೀಟಿನ ಅಡಿಯ ಜಂಗು

ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಓಮ್ನಿ ವ್ಯಾನಿಗೆ ಎಷ್ಟು ಸೀಟು ಎಂದು ಕೇಳಬಾರದು, ಈಗ ಯಾವ ಪೀಕು ಬಂದಿದೆ ಎಂದು ಕೇಳಬೇಕು. ಹೆಸರಿನ ರಾಶಿ ಆಗುವ ಹೊತ್ತಿಗೆ ಹಿಂದಿನ ಸೀಟು ಗಾಡಿಯಿಂದ ಇಳಿದು ಪಡಸಾಲೆ ಸೇರುತ್ತದೆ. ಮನೆಯ ಹಿರಿಯರು ಅದರ ಮೇಲೆ ಕೂತು ಎಲೆಅಡಿಕೆ ಹಾಕುತ್ತಾರೆ. ಸೀಟಿದ್ದ ಜಾಗದಲ್ಲಿ ಮೊದಲು ಹೆಸರಿನ ಚೀಲ, ಆಮೇಲೆ ಉಳ್ಳಾಗಡ್ಡಿ, ಚಳಿ ಕಳೆಯುವಾಗ ಒಣ ಮೆಣಸಿನಕಾಯಿ. ಯಲ್ಲಮ್ಮನ ಗುಡ್ಡಕ್ಕೋ ಯಮನೂರ ಜಾತ್ರೆಗೋ ಹೊರಡುವುದಾದರೆ ಹಿಂದಿನ ದಿನ ಸಂಜೆ ಸೀಟು ಮತ್ತೆ ಗಾಡಿಯೊಳಗೆ. ಹೀಗೆ ಬಿಚ್ಚಿ ಕೂರಿಸುವುದರ ಸುತ್ತ ಸದ್ದಿಲ್ಲದೆ ಒಂದು ಕಸುಬೇ ಬೆಳೆದಿದೆ. ಬೋರ್ಡಿನಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ‘ಕುಶನ್ ವರ್ಕ್ಸ್’, ‘ಟಿಂಕರಿಂಗ್ ಅಂಡ್ ಪೇಂಟಿಂಗ್’, ‘ವಾಟರ್ ಸರ್ವಿಸ್’ ಎಂದಷ್ಟೇ ಇರುತ್ತದೆ.

ಮಾರುತಿ ವ್ಯಾನ್ ರಸ್ತೆಗೆ ಬಂದದ್ದು 1984ರಲ್ಲಿ. 1988ರಲ್ಲಿ ಓಮ್ನಿ ಎಂಬ ಹೆಸರು ಪಡೆಯಿತು, 2019ರಲ್ಲಿ ತಯಾರಿಕೆ ನಿಂತಿತು. ಅದಕ್ಕೂ ಮುಂಚೆಯೇ, 2010ರಲ್ಲಿ, ಈಕೋ ಬಂದಿತ್ತು. ಓಮ್ನಿ ಸಿನಿಮಾದಲ್ಲಿ ನಾಯಕಿಯನ್ನು ಎತ್ತಿಹಾಕಿಕೊಂಡು ಹೋಗಲು ಬಳಕೆಯಾಗಿದ್ದೇ ಹೆಚ್ಚು ಎಂದು ನಗುವವರಿದ್ದಾರೆ. ಆದರೆ ಕೆಎ–25, ಕೆಎ–63 ನಂಬರಿನ ಹಳೆಯ ಓಮ್ನಿಗಳು ಇಂದಿಗೂ ಈ ಊರುಗಳಲ್ಲಿ ಬಾಣಂತಿಯನ್ನೂ ಬೀಜದ ಚೀಲವನ್ನೂ ಒಂದೇ ವಾರದಲ್ಲಿ ಹೊರುತ್ತಿವೆ. ಓಮ್ನಿಯ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಎಂಜಿನ್ ನೋಡಬೇಕೆಂದರೆ ಮೊದಲು ಸೀಟು ಎತ್ತಬೇಕು. ಈಕೋದ್ದೂ ಅದೇ ಕಥೆ. ಹಾಗಾಗಿ ವ್ಯಾನ್ ರಿಪೇರಿ ಕಲಿಯಲು ಬಂದ ಹುಡುಗನ ಕೈ ಮೊದಲು ಪಳಗುವುದು ಸೀಟಿನ ಮೇಲೆಯೇ.

ಬಿಚ್ಚುವುದು ನೋಡಲು ಸಲೀಸು. ನೆಲಕ್ಕೆ ಬಿಗಿದ ಬೋಲ್ಟುಗಳು, ಒಂದು ರಿಂಗ್ ಪಾನಾ, ಅಷ್ಟೇ. ಆದರೆ ನಾಲ್ಕು ಮಳೆಗಾಲ ಕಂಡ ಬೋಲ್ಟ್ ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಅವಸರದವರು ಪಾನಾಕ್ಕೆ ಪೈಪು ತೊಡಿಸಿ ಜಗ್ಗುತ್ತಾರೆ, ಬೋಲ್ಟಿನ ತಲೆ ಕಿತ್ತು ಬರುತ್ತದೆ. ತಿಳಿದ ಮಿಸ್ತ್ರಿ ಹಿಂದಿನ ರಾತ್ರಿಯೇ ಬೋಲ್ಟಿನ ಸುತ್ತಲಿನ ಮಣ್ಣನ್ನು ತಂತಿ ಬ್ರಷ್‌ನಿಂದ ಕೆರೆದು ಎರಡು ಹನಿ ಡೀಸೆಲ್ ಬಿಟ್ಟಿರುತ್ತಾನೆ. ಬೆಳಿಗ್ಗೆ ಮೊದಲು ಬಿಗಿಯುವ ದಿಕ್ಕಿಗೆ ಚೂರು ತಿರುವುತ್ತಾನೆ, ‘ಕಟ್’ ಅಂದ ಮೇಲೆ ಬಿಚ್ಚುವ ದಿಕ್ಕಿಗೆ. ಸೀಟು ಹೊರಗೆ ಬಂದ ಕೂಡಲೇ ಬೋಲ್ಟನ್ನು ಅದೇ ತೂತಿಗೆ ಬೆರಳಿನಲ್ಲೇ ಎರಡು ಸುತ್ತು ಕೂರಿಸಿಬಿಡುತ್ತಾನೆ. ಬೋಲ್ಟ್ ಕಳೆಯುವುದಿಲ್ಲ, ತೂತಿಗೆ ಕಾಳು–ಕಸ ಹೋಗುವುದಿಲ್ಲ. “ಜೇಬಿನ್ಯಾಗ ಇಟ್ಕೊಂಡ ಬೋಲ್ಟು ಗಾಡಿಗೆ ಹೊಳ್ಳಿ ಬರೂದಿಲ್ರಿ” ಎನ್ನುವುದು ಗ್ಯಾರೇಜುಗಳ ಅನುಭವದ ಮಾತು.

ನಿಜವಾದ ಕೆಲಸ ಆಮೇಲೆ. ರಬ್ಬರ್ ಮ್ಯಾಟ್ ಎತ್ತಿದರೆ ಗಾಡಿ ಏನೇನು ಹೊತ್ತಿದೆ ಎಂಬುದೆಲ್ಲ ಬಯಲಾಗುತ್ತದೆ. ಮೆಣಸಿನ ಬೀಜ, ಕಡಲೆ ಹೊಟ್ಟು ಇದ್ದರೆ ಚಿಂತೆಯಿಲ್ಲ, ಗುಡಿಸಿದರೆ ಹೋಯಿತು. ಕಾಟ ಕೊಡುವುದು ಗೊಬ್ಬರ. ಹರಿದ ಚೀಲದಿಂದ ಉದುರಿದ ಯೂರಿಯಾ, ಪೊಟ್ಯಾಷ್ ಹರಳುಗಳು ಗಾಳಿಯ ತೇವ ಹೀರಿ ಮ್ಯಾಟಿನ ಕೆಳಗೆ ಕರಗುತ್ತವೆ. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ಕಬ್ಬಿಣವನ್ನು ಉಪ್ಪು ತಿಂದಷ್ಟೇ ವೇಗವಾಗಿ ತಿನ್ನುತ್ತದೆ. ಹೊರಗೆ ಪಾಲಿಶ್ ಹೊಡೆದು ಫಳಫಳ ಅನ್ನಿಸಿದ ಗಾಡಿಯ ನೆಲ ಒಳಗಿನಿಂದ ಜಂಗು ಹಿಡಿದು ಹಪ್ಪಳವಾಗಿರುವುದು ಇಲ್ಲಿ ಅಪರೂಪವಲ್ಲ. ಗೊಬ್ಬರ ಹೇರುವ ಮುಂಚೆ ಒಂದು ತಾಡಪಾಲು ಹಾಸಿದ್ದರೆ ಸಾಕಿತ್ತು. ಹಾಸುವವರು ಕಡಿಮೆ.

ಹೊರಮೈಯ ವೈರಿ ಎರಿ ಮಣ್ಣು. ಈ ಕರಿಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಗ ಒಣಗುವುದೂ ಇಲ್ಲ. ಗಾಲಿಯ ಮೇಲಿನ ಕಮಾನಿನೊಳಗೆ ಮೆತ್ತಿಕೊಂಡರೆ ವಾರಗಟ್ಟಲೆ ಹಸಿ ಹಿಡಿದಿಟ್ಟು ತಗಡನ್ನು ಕೊಳೆಸುತ್ತದೆ. ಜಾರುವ ಬಾಗಿಲಿನ ಕೆಳಹಳಿಯಲ್ಲಿ ಕೂತರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಒಣಗಿದ ಮಣ್ಣನ್ನು ಬಟ್ಟೆಯಿಂದ ಉಜ್ಜಿದರಂತೂ ಬಣ್ಣದ ಮೇಲೆ ಗೀರು ಖಾತ್ರಿ. ಮೊದಲು ನೀರು ಬಿಟ್ಟು ನೆನೆಯಲು ಸಮಯ ಕೊಡಬೇಕು. ನೆತ್ತಿಯಿಂದ ಕೆಳಕ್ಕೆ ತೊಳೆಯಬೇಕು. ಗಾಲಿ ಉಜ್ಜಿದ ಬಟ್ಟೆ ಬಾನೆಟ್ಟಿಗೆ ಬರಬಾರದು. ಬಾಗಿಲುಗಳ ತಳದಲ್ಲಿ ಒಳಗಿಳಿದ ನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ. ಅವು ಮಣ್ಣಿನಿಂದ ಕಟ್ಟಿಕೊಂಡರೆ ಬಾಗಿಲ ಹೊಟ್ಟೆಯಲ್ಲಿ ನೀರು ನಿಂತು ಕೆಳಅಂಚು ಮೊದಲು ಉದುರುತ್ತದೆ. ಬೇವಿನ ಕಡ್ಡಿಯಿಂದ ಚುಚ್ಚಿ ತೆಗೆಯುವುದು ಒಳ್ಳೆಯದು, ತಂತಿ ಹಾಕಿದರೆ ಅಲ್ಲಿನ ಬಣ್ಣ ಎದ್ದು ಜಂಗಿಗೆ ದಾರಿ ಮಾಡಿಕೊಟ್ಟಂತೆ.

ಇನ್ನು ನೀರಿನ ಪಂಚಾಯ್ತಿ. ನವಲಗುಂದ–ಅಣ್ಣಿಗೇರಿ ಕಡೆ ಬಹಳಷ್ಟು ಬೋರಿನ ನೀರು ಸವಳು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಕುಡಿಯುವ ಕೆರೆ ನೀರನ್ನು ಗಾಡಿಗೆ ಸುರಿಯಿರಿ ಎಂದರೆ ಊರವರು ಬಡಿದಾರು. ಒಂದು ಬಕೆಟ್ ಸಿಹಿನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಹಿಂಡಿ ಕೊನೆಗೊಮ್ಮೆ ಒರೆಸಿದರೆ ಸಾಕಾಗುತ್ತದೆ. ಬಟ್ಟೆ ಸೋಪಿನ ಪುಡಿ ಬೇಡ, ಪಾಲಿಶಿನ ಮೇಣವನ್ನೂ ತೆಗೆದುಬಿಡುತ್ತದೆ. ಹೊಳಪಿಗೆಂದು ಡೀಸೆಲ್ ಒರೆಸುವ ರೂಢಿಯೂ ಇದೆ. ಹೊಳಪು ಒಂದು ದಿನದ್ದು, ಅದಕ್ಕೆ ಅಂಟುವ ಧೂಳು ಹದಿನೈದು ದಿನದ್ದು, ಬಾಗಿಲ ರಬ್ಬರಿಗೂ ಅದು ಹಾನಿ. ಖಂಡೆ ಪೂಜೆಯ ದಿನ ಬಳಿದ ಅರಿಷಿಣ–ಕುಂಕುಮವನ್ನು ಮರುದಿನವೇ ತೊಳೆದರೆ ದೇವರು ಬೇಸರ ಮಾಡಿಕೊಳ್ಳಲಾರ.

ಕಲಘಟಗಿಯತ್ತ ಹೋದರೆ ಲೆಕ್ಕ ಬೇರೆ. ಅಲ್ಲಿ ಮಳೆ ಹೆಚ್ಚು, ಅಡವಿಯ ಸೆರಗು, ಭತ್ತದ ಗದ್ದೆ. ಗಾಡಿ ಒಣಗುವುದು ನಿಧಾನ. ಬಣ್ಣದ ತೊಟ್ಟಿಲಿಗೆ ಹೆಸರಾದ ಆ ಊರಿನಲ್ಲಿ ಗಾಡಿಯ ಬಣ್ಣವನ್ನೂ ಜನ ಓರೆಗಣ್ಣಿನಿಂದ ನೋಡಿ ತಪ್ಪು ಹಿಡಿಯುತ್ತಾರೆ. ಟಿಂಕರ್ ಜಂಗು ತಿಂದ ತಗಡು ಕತ್ತರಿಸಿ ಹೊಸ ತ್ಯಾಪಿ ಬೆಸೆದು, ಪುಟ್ಟಿ ಮೆತ್ತಿ, ವಾಟರ್ ಪೇಪರಿನಲ್ಲಿ ತಿಕ್ಕಿ, ಪ್ರೈಮರ್ ಹೊಡೆದ ಮೇಲೆಯೇ ಬಣ್ಣ. ಜಂಗಿನ ಮೇಲೇ ಪುಟ್ಟಿ ಮೆತ್ತಿದ್ದರೆ ಮುಂದಿನ ಮಳೆಗಾಲದೊಳಗೆ ಗುಳ್ಳೆ ಏಳುತ್ತದೆ.

ಕಾನೂನಿನ ಮಾತೂ ಇದೆ. ಸ್ವಂತ ಬಿಳಿ ನಂಬರ್ ಪ್ಲೇಟಿನ ವ್ಯಾನಿನಲ್ಲಿ ಬಾಡಿಗೆಗೆ ಸರಕು ಹೇರಿದರೆ ಪರ್ಮಿಟ್ ಇಲ್ಲದ ತಪ್ಪಿಗೆ 10,000 ರೂಪಾಯಿ ದಂಡ ಬೀಳಬಹುದು. ನೋಂದಣಿ ಪುಸ್ತಕಕ್ಕೆ ಹೊಂದದ ಹಾಗೆ ಗಾಡಿಯನ್ನು ಕಾಯಂ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಆರ್‌ಟಿಒ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡ ತಪ್ಪು, ಸೀಟು ತೆಗೆದ ಜಾಗದಲ್ಲಿ ಚೀಲದ ಮೇಲೆ ಆಳುಗಳನ್ನು ಕೂರಿಸುವುದು. ಬ್ರೇಕ್ ಒತ್ತಿದಾಗ ಚೀಲವೂ ಮನುಷ್ಯನೂ ಒಟ್ಟಿಗೇ ಮುಂದಕ್ಕೆ ಬರುತ್ತಾರೆ. ಸೀಟು ವಾಪಸ್ ಕೂರಿಸುವಾಗ ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹಿಡಿಸಿ ಆಮೇಲೆ ಪಾನಾ ಹಾಕಬೇಕು. ಮೂರು ಬೋಲ್ಟಿನಲ್ಲಿ ಸುಧಾರಿಸಿದರಾಯಿತು ಎಂಬ ಮಿಸ್ತ್ರಿಯ ಬಳಿ ಗಾಡಿ ಬಿಡಬೇಡಿ.

ಸಣ್ಣ ಸರಕು ಗಾಡಿಗಳು ಈಗ ಹಳ್ಳಿಹಳ್ಳಿಗೆ ಬಂದಿವೆ, ಸೀಟು ಬಿಚ್ಚಿಸುವ ಗಿರಾಕಿ ಮೊದಲಿನಷ್ಟಿಲ್ಲ. ಆದರೆ ಹಳೆ ಓಮ್ನಿಗಳ ಕೊಡುಕೊಳ್ಳುವಿಕೆ ನಿಂತಿಲ್ಲ. ಕೊಳ್ಳಲು ಹೋಗುವವರು ಬಣ್ಣ ನೋಡಿ ರೇಟು ಮಾತಾಡದೆ ಪರಿಚಯದ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಹಿಂದಿನ ಸೀಟು ಬಿಚ್ಚಿಸಬೇಕು. ಮ್ಯಾಟ್ ಸರಿಸಿ, ನೆಲದ ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಚಹಾ ಕುಡಿದು ಎದ್ದು ಬರಬಹುದು.