ಘಟ್ಟದ ತಿರುವಿನಲ್ಲಿ ದೊಡ್ಡ ಮೋಟಾರು ಸೈಕಲ್ಲು

ಮುಂಬಯಿಯ ಕನ್ನಡಿಗನು ರಸ್ತೆಯ ದಾರಿಯಾಗಿ ಊರಿಗೆ ಹೊರಟನೆಂದರೆ ಘಟ್ಟವನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯವರು ಖೋಪೋಲಿ ದಾಟಿದೊಡನೆ ಬೋರ್ ಘಾಟನ್ನು ಏರಲೇಬೇಕು. ಕಾರವಾರ, ಉಡುಪಿ, ಮಂಗಳೂರಿನವರು ಪನವೇಲಿನಿಂದ ಕೊಂಕಣದ ಹೆದ್ದಾರಿ ಹಿಡಿದರೆ ಪೋಲಾದಪುರದಾಚೆ ಕಶೇಡಿ ಘಾಟು, ಚಿಪಳೂಣದ ಹತ್ತಿರ ಪರಶುರಾಮ ಘಾಟು. ಕಶೇಡಿಯಲ್ಲಿ ಈಗ ಸುರಂಗವಾಗಿ ತಿರುವುಗಳ ಕಾಟ ಕಡಿಮೆಯಾಗಿದೆ, ನಿಜ. ಆದರೆ ತೀರ್ಥಹಳ್ಳಿ, ಶೃಂಗೇರಿಗಳ ಕಡೆ ಹೋಗುವವರಿಗೆ ಉಡುಪಿ ಮುಟ್ಟಿದ ಮೇಲೂ ಆಗುಂಬೆ ಕಾದಿರುತ್ತದೆ, ತನ್ನ ಹದಿನಾಲ್ಕು ಹೇರ್‌ಪಿನ್ ತಿರುವುಗಳೊಡನೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ನಮ್ಮ ಎಷ್ಟೋ ಮನೆಗಳು ಈ ರಸ್ತೆಗಳನ್ನು ಮರೆತೇಬಿಟ್ಟಿದ್ದವು. ಈಗ ಮಕ್ಕಳು ಅವನ್ನು ಮತ್ತೆ ನೆನಪಿಗೆ ತರುತ್ತಿದ್ದಾರೆ, ಅದೂ ಎಂಥ ವಾಹನದ ಮೇಲೆ!

ಹಿಂದೆ ಮೋಟಾರು ಸೈಕಲ್ಲಿನಲ್ಲಿ ಊರಿಗೆ ಹೋಗುವವನೆಂದರೆ ಬುಲೆಟ್ಟಿನವನು, ಇಲ್ಲವೆ ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ದಿಗಳವನು. ಹಾರ್ಲಿ-ಡೇವಿಡ್‌ಸನ್ ಗಾಡಿಗಳು 2010ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಮೇಲೆ ಕಾಲ ಬದಲಾಯಿತು. ಹೋಂಡಾದವರ ಗೋಲ್ಡ್ ವಿಂಗ್ ಎಂಬುದಂತೂ ದೂರ ಪ್ರವಾಸಕ್ಕೆಂದೇ ಹುಟ್ಟಿದ ಯಂತ್ರ. 1975ರಲ್ಲಿ ನಾಲ್ಕು ಸಿಲಿಂಡರಿನ, 999 ಸಿ.ಸಿ. ಗಾಡಿಯಾಗಿ ಮಾರುಕಟ್ಟೆಗೆ ಬಂದದ್ದು, ಇಂದು ಆರು ಸಿಲಿಂಡರು, 1833 ಸಿ.ಸಿ., ಪೆಟ್ಟಿಗೆಗಳೊಡನೆ ಸುಮಾರು 390 ಕಿಲೋ ತೂಕ. ಎಂದರೆ ಎರಡು ಬುಲೆಟ್ಟುಗಳನ್ನು ಒಟ್ಟಿಗೆ ಕಟ್ಟಿದಂತಾಯಿತು! ಇಷ್ಟು ದೊಡ್ಡ ಗಾಡಿಯಾದರೂ ಬಾಂದ್ರಾ–ವರಳಿ ಸಮುದ್ರ ಸೇತುವೆಯ ಮೇಲೆ, ಅಟಲ್ ಸೇತುವೆಯ ಮೇಲೆ, ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ ಅದಕ್ಕೆ ಪ್ರವೇಶವಿಲ್ಲ. ಎರಡು ಚಕ್ರದ್ದೆಲ್ಲ ಒಂದೇ ಎಂಬುದು ಕಾನೂನಿನ ದೃಷ್ಟಿ. ಆದ್ದರಿಂದ ಗೋಲ್ಡ್ ವಿಂಗೂ ಹಳೆಯ ಬೋರ್ ಘಾಟಿನ ರಸ್ತೆಯಲ್ಲೇ, 1830ರಲ್ಲಿ ಗಾಡಿಗಳಿಗೆ ತೆರೆದ ಆ ದಾರಿಯಲ್ಲೇ, ಶಿಂಗ್ರೋಬಾನ ಗುಡಿಯ ಮುಂದಾಗಿ ಏರಬೇಕು. ಘಟ್ಟದ ಹಾದಿಯನ್ನು ಇಂಗ್ಲಿಷರಿಗೆ ತೋರಿಸಿಕೊಟ್ಟ ಕುರಿಗಾಹಿ ಈ ಶಿಂಗ್ರೋಬಾ ಎಂದು ಪ್ರತೀತಿ.

ಇಷ್ಟು ಭಾರದ ಗಾಡಿ ತಿರುವಿನಲ್ಲಿ ಮಾತು ಕೇಳೀತೇ? ಸಂಘದ ಸಮಾರಂಭಗಳಲ್ಲಿ ತಾಯಂದಿರು ಕೇಳುವ ಪ್ರಶ್ನೆ ಇದು. ‘ಏನೂ ಆಗುವುದಿಲ್ಲಮ್ಮ’ ಎಂದು ಮಕ್ಕಳು ಜಾರಿಕೊಳ್ಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಸಾಲದು.

ತಿರುವಿನ ವಿಷಯದಲ್ಲಿ ಎರಡು ಚಕ್ರದ ವಾಹನಕ್ಕೆ ನಮ್ಮ ಊರೊಳಗೇ ಒಂದು ಕೆಟ್ಟ ಹೆಸರಿದೆ. ಜೆ. ಜೆ. ಆಸ್ಪತ್ರೆಯ ಬಳಿಯಿಂದ ಕ್ರಾಫರ್ಡ್ ಮಾರುಕಟ್ಟೆಯ ಕಡೆಗೆ ಹಾವಿನಂತೆ ಹೊರಳಿ ಹೋಗುವ ಮೇಲುಸೇತುವೆಯನ್ನು ನೋಡಿದ್ದೀರಷ್ಟೆ. ಅದರ ತಿರುವುಗಳಲ್ಲಿ ಅಪಘಾತಗಳು ಹೆಚ್ಚಾದುವೆಂದು 2010ರಲ್ಲಿ ಅಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದರು. ಘಟ್ಟದಲ್ಲಿ ಹಾಗೆ ನಿಷೇಧಿಸುವವರಿಲ್ಲ. ಅಲ್ಲಿ ಸವಾರನೇ ಪೊಲೀಸನಾಗಬೇಕು.

ಮೊದಲು ತೂಕದ ಮಾತು. ಕಾರು ತಿರುವಿನಲ್ಲಿ ನಿಂತೇ ತಿರುಗುತ್ತದೆ. ಮೋಟಾರು ಸೈಕಲ್ಲು ಒಳಗಡೆಗೆ ವಾಲಿ ತಿರುಗುತ್ತದೆ. ಎಷ್ಟು ವಾಲಬೇಕೆಂಬುದು ವೇಗವನ್ನೂ ತಿರುವಿನ ತ್ರಿಜ್ಯವನ್ನೂ ಅವಲಂಬಿಸಿದೆ. ಗಾಡಿಯ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಐವತ್ತು ಮೀಟರ್ ತ್ರಿಜ್ಯದ ಒಂದು ತಿರುವನ್ನು ತೆಗೆದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಸುಮಾರು 14 ಡಿಗ್ರಿ ವಾಲಿದರೆ ಸಾಕು. 60ರಲ್ಲಿ ಸುಮಾರು 30 ಡಿಗ್ರಿ. 80ರಲ್ಲಿ 45 ಡಿಗ್ರಿ. ವೇಗ ಒಂದೂವರೆ ಪಾಲಾದರೆ ವಾಲು ಎರಡು ಪಾಲಾಯಿತು, ಗಮನಿಸಿ. ಕಾಲೇಜಿನ ಹುಡುಗನ ಪುಟ್ಟ ಗಾಡಿಗೂ 390 ಕಿಲೋದ ಗೋಲ್ಡ್ ವಿಂಗಿಗೂ ಈ ಅಂಕಿಗಳು ಹೆಚ್ಚು ಕಡಿಮೆ ಒಂದೇ. ಅಗಲವಾದ ಟಯರುಗಳ ಗಾಡಿ ಸ್ವಲ್ಪ ಹೆಚ್ಚೇ ವಾಲಬೇಕಾದೀತು, ಅಷ್ಟೆ.

ಹಾಗಾದರೆ ಅಪಾಯ ಎಲ್ಲಿದೆ? ವಾಲುವುದಕ್ಕೆ ಗಾಡಿಯ ಕೆಳಗೆ ಎಷ್ಟು ಎಡೆಯಿದೆ ಎಂಬಲ್ಲಿ. ಓಟದ ಗಾಡಿಗಳು 50 ಡಿಗ್ರಿಯ ಹತ್ತಿರ ವಾಲಿದರೂ ನೆಲ ಮುಟ್ಟವು. ಹಾರ್ಲಿಯ ದೊಡ್ಡ ಪ್ರವಾಸಿ ಗಾಡಿಗಳಲ್ಲಿ ಸವಾರ ಆರಾಮವಾಗಿ ಕಾಲು ಚಾಚಿ ಇಡುವ ಹಲಗೆಗಳು 30 ಡಿಗ್ರಿಯ ಆಚೀಚೆಯಲ್ಲೇ ರಸ್ತೆಯನ್ನು ಕೆರೆಯತೊಡಗುತ್ತವೆ. ಆ ಹಲಗೆಗಳಿಗೆ ಕೀಲಿರುವುದರಿಂದ ಮೊದಲ ಕೆರೆತ ಬರಿಯ ಎಚ್ಚರಿಕೆಯ ಗಂಟೆ. ಅದನ್ನು ಕೇಳದೆ ಇನ್ನೂ ವಾಲಿಸಿದರೆ ಚೌಕಟ್ಟಿನದೋ ಹೊಗೆಕೊಳವೆಯದೋ ಗಟ್ಟಿ ಭಾಗ ನೆಲಕ್ಕೆ ತಾಗಿ ಚಕ್ರವನ್ನೇ ಮೇಲೆತ್ತಿಬಿಡುತ್ತದೆ. ಮತ್ತೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಮೇಲಿನ ತಿರುವಿನಲ್ಲಿ ಪುಟ್ಟ ಗಾಡಿಯವನು 60ರಲ್ಲಿ ನಗುತ್ತ ಹೋದನೆಂದು ದೊಡ್ಡ ಗಾಡಿಯವನು ಹಿಂಬಾಲಿಸಿದರೆ, ಅವನು ತನ್ನ ಗಾಡಿಯ ಮಿತಿಯ ಅಂಚಿನಲ್ಲಿರುತ್ತಾನೆ. ಗುಂಪಿನಲ್ಲಿ ಹೋಗುವ ನಮ್ಮ ತರುಣರು ಇದೊಂದನ್ನು ಮನಸ್ಸಿನಲ್ಲಿಟ್ಟರೂ ಸಾಕು.

ಎರಡನೆಯದು ಗಾಡಿಯ ಉದ್ದ. ಬುಲೆಟ್ಟಿನ ಎರಡು ಚಕ್ರಗಳ ನಡುವಣ ಅಂತರ 1390 ಮಿಲಿಮೀಟರ್. ಗೋಲ್ಡ್ ವಿಂಗಿನದು 1695. ಒಂದಡಿ ಹೆಚ್ಚು. ಮುಂದಿನ ಕವಲು ಹೆಚ್ಚು ಓರೆಯಾಗಿರುವ ಗಾಡಿಗಳಿಗಂತೂ ನೇರ ಹಾದಿಯಲ್ಲಿ ರೈಲಿನ ಸ್ಥಿರತೆ. ಸಾತಾರಾ, ಕೊಲ್ಲಾಪುರದ ನಡುವೆ ದಿನವಿಡೀ ಕುಳಿತರೂ ಕೈ ನೋಯದು. ಆ ಸ್ಥಿರತೆಯೇ ತಿರುವಿನಲ್ಲಿ ಹಟವಾಗುತ್ತದೆ. ಎಡಕ್ಕೆ ವಾಲಿದ್ದನ್ನು ಎತ್ತಿ ಬಲಕ್ಕೆ ವಾಲಿಸಬೇಕೆಂದರೆ ಸಮಯ ಬೇಕು, ಬಲವೂ ಬೇಕು. ಒಂದರ ಬೆನ್ನಿಗೊಂದು ತಿರುವು ಬರುವ ಘಟ್ಟದಲ್ಲಿ ಸಾಲದೆ ಬರುವುದು ಈ ಸಮಯವೇ. ಗಂಟೆಗೆ 60 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ‘ಅಯ್ಯೋ’ ಎನ್ನುವಷ್ಟರಲ್ಲಿ ತಿರುವು ಮುಗಿದಿರುತ್ತದೆ, ಇಲ್ಲವೆ ರಸ್ತೆ ಮುಗಿದಿರುತ್ತದೆ.

ಬಲ ಎಂದೆನಲ್ಲ, ಅದನ್ನು ಎಲ್ಲಿ ಹಾಕಬೇಕೆಂಬುದು ಸ್ವಾರಸ್ಯವಾದ ಸಂಗತಿ. ವೇಗದಲ್ಲಿರುವಾಗ ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಎಡಗಡೆಯ ಹಿಡಿಯನ್ನು ಮುಂದಕ್ಕೆ ನೂಕಬೇಕು. ಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ಎಡಕ್ಕೇ ತಿರುಗುತ್ತದೆ. ನಂಬುವುದಕ್ಕೆ ಕಷ್ಟ. ಸೈಕಲ್ ತುಳಿಯುವ ಪ್ರತಿಯೊಬ್ಬನೂ ಇದನ್ನೇ ಮಾಡುತ್ತಾನೆ, ಮಾಡುತ್ತೇನೆಂಬ ಅರಿವು ಮಾತ್ರ ಅವನಿಗಿಲ್ಲ. 1903ರಲ್ಲಿ ವಿಮಾನ ಹಾರಿಸಿದ ರೈಟ್ ಸೋದರರಿಗೆ ಸೈಕಲ್ ಅಂಗಡಿಯಿತ್ತು; ಅವರಲ್ಲಿ ವಿಲ್ಬರನು ಈ ವಿಚಿತ್ರವನ್ನು ಗಮನಿಸಿದ್ದನು. ಸೈಕಲ್ಲಿನಲ್ಲಿ ಅರಿಯದೆ ಮಾಡಿದರೂ ನಡೆಯುತ್ತದೆ. ನಾಲ್ಕು ನೂರು ಕಿಲೋದ ಗಾಡಿಯನ್ನು ಬರಿಯ ಮೈ ವಾಲಿಸಿ ತಿರುಗಿಸುತ್ತೇನೆಂದರೆ ಅದು ಕದಲದು. ತಿರುವು ಅಂದುಕೊಂಡದ್ದಕ್ಕಿಂತ ಬಿಗಿಯಾಗುತ್ತ ಹೋದಾಗ ಅರಿತು ನೂಕಬಲ್ಲವನು ಉಳಿಯುತ್ತಾನೆ. ಅರಿಯದವನು ಬ್ರೇಕು ಹಿಡಿಯುತ್ತಾನೆ. ತಿರುವಿನ ಮಧ್ಯದಲ್ಲಿ ಮುಂದಿನ ಬ್ರೇಕನ್ನು ಅವುಚಿದರೆ ಗಾಡಿ ನೆಟ್ಟಗಾಗಿ ಹೊರಗಡೆಗೆ ಓಡುತ್ತದೆ. ಆದ್ದರಿಂದಲೇ ಬಲ್ಲವರು ವೇಗವನ್ನು ತಿರುವಿಗೆ ಮುಂಚೆಯೇ, ಗಾಡಿ ನೆಟ್ಟಗಿರುವಾಗಲೇ ಇಳಿಸಿ, ಒಳಗೆ ಬಂದ ಮೇಲೆ ಮೆಲ್ಲಗೆ ಎಳೆತ ಕೊಡುತ್ತ ಸಾಗುತ್ತಾರೆ.

2019ರಿಂದ ನಮ್ಮಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಚಕ್ರ ಬಿಗಿದು ನಿಲ್ಲದಂತೆ ಅದು ಕಾಯುತ್ತದೆ, ಒಳ್ಳೆಯದೇ. ಆದರೆ ಸಾಧಾರಣ ಎ.ಬಿ.ಎಸ್.ಗೆ ಗಾಡಿ ವಾಲಿದೆಯೆಂಬುದು ತಿಳಿಯದು. ವಾಲನ್ನು ಅಳೆದು ಬ್ರೇಕನ್ನು ಹದಗೊಳಿಸುವ ವ್ಯವಸ್ಥೆ 2013ರಿಂದೀಚೆಗೆ ಬಂದಿದೆ, ಬೆಲೆಬಾಳುವ ಕೆಲವು ಗಾಡಿಗಳಲ್ಲಿದೆ. ಅದಿದ್ದರೂ ಮರಳಿನ ಮೇಲೆ ಹಿಡಿತ ಹುಟ್ಟಿಸಲಾರದು.

ಇಷ್ಟು ಹೊತ್ತು ತೂಕ ಲೆಕ್ಕಕ್ಕಿಲ್ಲವೆಂದೆ. ಆಗುಂಬೆಯ ಹೇರ್‌ಪಿನ್ನಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಭಾರದ ಗಾಡಿ ಕಾಡುವುದು ಓಟದಲ್ಲಲ್ಲ, ನಿಧಾನದಲ್ಲಿ. ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ 30ರ ವೇಗಕ್ಕೇ 35 ಡಿಗ್ರಿ ವಾಲಬೇಕು, ಅಂದರೆ ಹಲಗೆ ಕೆರೆಯುವುದು ಖಂಡಿತ. 20ಕ್ಕೆ ಇಳಿಸಿದರೆ 18 ಡಿಗ್ರಿಯಲ್ಲಿ ಮುಗಿಯುತ್ತದೆ. ಅದಕ್ಕಿಂತ ತೀರ ಕೆಳಗಿಳಿದು ತೆವಳತೊಡಗಿದಿರೋ, ಹ್ಯಾಂಡಲು ಹೊರಳಿಸಿದ ಸ್ಥಿತಿಯಲ್ಲಿ ಮುಂದಿನ ಬ್ರೇಕನ್ನು ಮುಟ್ಟಿದಿರೋ, ಗಾಡಿ ಸುಮ್ಮನೆ ಮಲಗುತ್ತದೆ. ಬುಲೆಟ್ಟನ್ನು ಕಾಲೂರಿ ತಡೆಯಬಹುದು. 390 ಕಿಲೋ ಒಮ್ಮೆ ಹದ ತಪ್ಪಿದರೆ ಮನುಷ್ಯನ ಕಾಲಿಗೆ ತಡೆಯಲಾಗದು, ತಡೆಯಹೋಗಲೂ ಬಾರದು. ಮೊದಲ ಗೇರು, ಅರ್ಧ ಹಿಡಿದ ಕ್ಲಚ್ಚು, ಹಿಂದಿನ ಬ್ರೇಕಿನ ಮೇಲೆ ಸ್ವಲ್ಪ ಕಾಲು, ಇಂಜನಿನ ಎಳೆತ ಬಿಡದಂತೆ ಮುಂಗೈ: ಇಷ್ಟು. ಕಣ್ಣು ಮಾತ್ರ ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆಗೆ. ಕಣ್ಣು ಹೋದತ್ತ ಗಾಡಿ ಹೋಗುತ್ತದೆ. ಕಮರಿಯನ್ನೇ ನೋಡುತ್ತಿದ್ದರೆ ಅಲ್ಲಿಗೂ ಹೋದೀತು.

ಬಲಕ್ಕೆ ತಿರುಗುವಾಗ ಇನ್ನೊಂದು ಸೂಕ್ಷ್ಮವಿದೆ. ಚಕ್ರಗಳು ರಸ್ತೆಯ ನಡುಗೆರೆಯ ಒಳಗೇ ಇದ್ದರೂ, 30 ಡಿಗ್ರಿ ವಾಲಿದ ಸವಾರನ ತಲೆ ಗೆರೆಯಿಂದಾಚೆ ಎರಡೂವರೆ ಅಡಿ ಚಾಚಿರುತ್ತದೆ. ಅದೇ ಹೊತ್ತಿಗೆ ಚಾರ್ಮಾಡಿಯಂಥ ಘಟ್ಟದಲ್ಲಿ ಎದುರಿನಿಂದ ಕೆಂಪು ಬಸ್ಸು ತನ್ನ ಹಕ್ಕಿನ ರಸ್ತೆಯಲ್ಲೇ ಬಂದರೆ? ಗೆರೆಯಿಂದ ಒಂದು ಮಾರು ಎಡಕ್ಕೇ ಇರುವುದು ಮೇಲು.

ಇಳಿಜಾರಿನಲ್ಲಿ ಗೇರು ಇಳಿಸಿ ಇಂಜನಿನಿಂದಲೇ ಗಾಡಿಯನ್ನು ತಡೆಯಬೇಕು. ಬ್ರೇಕನ್ನೇ ಹಿಡಿದುಕೊಂಡು ಇಳಿದರೆ ಬಿಲ್ಲೆಗಳು ಕಾಯುತ್ತವೆ, ಎಣ್ಣೆ ಕುದಿದು ಬ್ರೇಕು ಮೆತ್ತಗಾಗುತ್ತದೆ. ತೂಕ ಹೆಚ್ಚಿದಷ್ಟೂ ಇದು ಬೇಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಹಳೆಯ ಸವಾರರು ಇಲ್ಲಿ ನಗಬಹುದು. 1961ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಗಾಡಿಗಳು ಎರಡು ಹೊಡೆತದ ಇಂಜನಿನವು. ಇಂಜನು ತಡೆಯುವುದು ಅಷ್ಟಕ್ಕಷ್ಟೆ. ಮೇಲಾಗಿ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಬರುವುದರಿಂದ ಉದ್ದದ ಇಳಿತದಲ್ಲಿ ಎಳೆತ ಪೂರ್ತಿ ಮುಚ್ಚಿದರೆ ಇಂಜನು ಒಣಗುವ ಭಯ. ನಡುನಡುವೆ ಒಂದಿಷ್ಟು ತೆರೆದು ‘ಎಣ್ಣೆ ಕುಡಿಸುತ್ತ’ ಇಳಿಯುತ್ತಿದ್ದರು. ಆದರೂ ಹಗುರವಾದ ಆ ಗಾಡಿ ಘಟ್ಟದಲ್ಲಿ ಆಡಿನ ಮರಿಯಂತೆ ಜಿಗಿಯುತ್ತಿತ್ತೆಂಬುದನ್ನು ಹೊಗಳದೆ ಇರಲಾರೆ.

ಹಿಂದೆ ಕುಳಿತವರ ಮಾತು ಬಾಕಿಯಿದೆ, ಮನೆಯವರಿಗೆ ಇದೇ ಮುಖ್ಯ. ಹಿಂದಿನ ಸವಾರಿಣಿ ಸಾಮಾನಲ್ಲ, ಯಂತ್ರದ ಒಂದು ಭಾಗ. ತಿರುವಿನಲ್ಲಿ ಹೆದರಿ ಆಚೆಗೆ ಬಾಗಿದರೆ ಗಾಡಿಯನ್ನು ಇನ್ನೂ ಹೆಚ್ಚು ವಾಲಿಸಬೇಕಾಗುತ್ತದೆ. ತಿರುವು ಯಾವ ಕಡೆಗೋ ಆ ಕಡೆಯ ಸವಾರನ ಭುಜದ ಮೇಲಿಂದ ನೋಡುತ್ತ ಕುಳಿತರೆ ಮೈ ತಾನಾಗಿ ಸರಿಹೋಗುತ್ತದೆ. ಸೀರೆಯುಟ್ಟು ಒಂದೇ ಬದಿಗೆ ಕಾಲಿಳಿಬಿಟ್ಟು ಕೂರುವುದು ಘಟ್ಟಕ್ಕೆ ಸಲ್ಲದು. ಊರು ಮುಟ್ಟಿದ ಮೇಲೆ ಸೀರೆ ಉಟ್ಟರಾಯಿತು. ಸವಾರಿ ಮಾಡುವವಳು ಮಗಳಾಗಿ ಹಿಂದೆ ಕೂತವರು ತಂದೆಯಾದ ಮನೆಗಳೂ ಈಗ ಇವೆ. ತಂದೆಯವರಿಗೂ ಇದೇ ನಿಯಮ, ನಡುವೆ ಬುದ್ಧಿ ಹೇಳದಿರುವುದೂ ಸೇರಿ.

ಮಳೆಗಾಲದಲ್ಲಿ ಈ ಎಲ್ಲ ಅಂಕಿಗಳನ್ನೂ ತಗ್ಗಿಸಿಕೊಳ್ಳಬೇಕು. ಹಾಸುಂಬೆ, ಕೊಳೆತ ಎಲೆ, ಲಾರಿಗಳು ಏರುವಾಗ ಚೆಲ್ಲಿದ ಡೀಸೆಲು, ತಿರುವಿನ ಒಳಮಗ್ಗುಲಿಗೆ ಹರಿದು ಬಂದ ಜಲ್ಲಿ, ಇವೆಲ್ಲ ವಾಲಿದ ಚಕ್ರಕ್ಕೇ ಕಾದು ಕುಳಿತಿರುತ್ತವೆ.

ಹೊರಡುವ ಮುಂಚೆ ಒಂದು ಕೆಲಸ ಮರೆಯಬಾರದು. ಇಬ್ಬರು ಕುಳಿತು, ಎರಡು ಬದಿಗೂ ಚೀಲ, ಹಿಂದೊಂದು ಪೆಟ್ಟಿಗೆ ಹೇರಿದಾಗ ಹಿಂಬದಿ ಕುಸಿದು ನೆಲಕ್ಕೆ ಹತ್ತಿರವಾಗುತ್ತದೆ, ಮುಂಬದಿ ಹಗುರಾಗಿ ಅಲುಗುತ್ತದೆ. ಭಾರವಾದದ್ದನ್ನು ಕೆಳಗೆ, ಮುಂದಕ್ಕೆ ಇಡಿ. ಅಜ್ಜಿಗೆಂದು ಒಯ್ಯುವ ಹಿತ್ತಾಳೆಯ ಪಾತ್ರೆ ಹಿಂದಿನ ಎತ್ತರದ ಪೆಟ್ಟಿಗೆಯಲ್ಲಿ ಬೇಡ. ಹಿಂದಿನ ಸ್ಪ್ರಿಂಗನ್ನು ಬಿಗಿಮಾಡಿ, ಟಯರಿಗೆ ಗಾಡಿಯ ಪುಸ್ತಕದಲ್ಲಿ ಇಬ್ಬರಿಗೆಂದು ಹೇಳಿದಷ್ಟು ಗಾಳಿ ತುಂಬಿಸಬೇಕು. ಊರಲ್ಲಿ ಸಾಮಾನು ಇಳಿಸಿ ಒಬ್ಬನೇ ತೀರ್ಥಹಳ್ಳಿಗೆ ಹೊರಟಾಗ ಎರಡನ್ನೂ ಮೊದಲಿನ ಹದಕ್ಕೆ ತಂದುಕೊಂಡು, ಆಮೇಲೆ ಆಗುಂಬೆ ಏರಬೇಕು.