ಅಕ್ಕರೆಯೂ ಸಕ್ಕರೆಯೂ

ಮಹಾನಗರದಲ್ಲಿ ಕನ್ನಡ ಗೃಹಿಣಿಯ ಅಡುಗೆಮನೆ ಕಿರಿದಾಗಿರಬಹುದು; ಆಕೆಯ ಕೈ ಕಿರಿದಲ್ಲ. ಯುಗಾದಿಗೆ ಹೋಳಿಗೆ, ದೀಪಾವಳಿಗೆ ಮೈಸೂರುಪಾಕು, ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಎಂದು ವರ್ಷವಿಡೀ ಸಿಹಿಯ ಸಂಭ್ರಮ ನಡೆದೇ ಇರುತ್ತದೆ. ತಾಯ್ನಾಡಿನಿಂದ ದೂರವಿರುವವರಿಗೆ ನೆರೆಹೊರೆಯವರೇ ಬಂಧುಗಳು. ಅವರ ಮನೆಗೆ ಹೋಗುವ ಸಿಹಿಯ ಡಬ್ಬಿಯೇ ಆ ಬಂಧುತ್ವದ ಗುರುತು.

ಇಂಥ ಮನೆಯ ಹಿರಿಯರೊಬ್ಬರಿಗೆ ಮಧುಮೇಹವಿದೆಯೆಂದು ವೈದ್ಯರು ತಿಳಿಸಿದ ದಿನ ಆ ಸಂಭ್ರಮಕ್ಕೆ ಕುತ್ತು ಬರುತ್ತದೆ. ಗೃಹಿಣಿ ಬಾಣಲೆಯನ್ನು ಅಟ್ಟಕ್ಕೇರಿಸುತ್ತಾಳೆ. ಇಲ್ಲವೇ ಹಿರಿಯರ ಕಣ್ಣು ತಪ್ಪಿಸಿ ಉಳಿದವರಿಗೆ ಬಡಿಸುತ್ತಾಳೆ. ಮೊದಲನೆಯದರಿಂದ ಹಬ್ಬ ಕಳೆಗುಂದುತ್ತದೆ, ಎರಡನೆಯದರಿಂದ ಹಿರಿಯರು ಸ್ವಂತ ಮನೆಯಲ್ಲೇ ಒಂಟಿಯಾಗುತ್ತಾರೆ. ಇದು ಅಪರೂಪದ ಪ್ರಸಂಗವೂ ಅಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಹಳ್ಳಿಗಳಿಗಿಂತ ನಗರಗಳಲ್ಲಿ ಅವರ ಪ್ರಮಾಣ ಹೆಚ್ಚು.

ಬಾಣಲೆಯನ್ನು ಅಟ್ಟಕ್ಕೇರಿಸುವ ಮೊದಲು ಲೆಕ್ಕವೊಂದನ್ನು ನೋಡುವುದು ಲೇಸು. ದಿನದ ಆಹಾರದಿಂದ ದೊರೆಯುವ ಶಕ್ತಿಯಲ್ಲಿ, ಬೆರೆಸಿದ ಸಕ್ಕರೆಯ ಪಾಲು ನೂರಕ್ಕೆ 10ಕ್ಕಿಂತ ಕಡಿಮೆಯಿರಬೇಕೆಂದೂ, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. 2,000 ಕ್ಯಾಲೊರಿಗಳ ಆಹಾರಕ್ಕೆ ಇದು ಕ್ರಮವಾಗಿ 50 ಹಾಗೂ 25 ಗ್ರಾಂ ಆಗುತ್ತದೆ. ಕಾಫಿಯ ಸಕ್ಕರೆಯೂ ಇದರಲ್ಲೇ ಸೇರಿದೆ. ಇದು ಸಾಮಾನ್ಯರಿಗೆ ಹೇಳಿದ ಮಿತಿ. ಮಧುಮೇಹಿಗಳ ಮಿತಿಯನ್ನು ಅವರವರ ವೈದ್ಯರೇ ನಿರ್ಧರಿಸಬೇಕು. ಬೆಲ್ಲವಾದರೆ ಬಾಧಕವಿಲ್ಲವೆಂಬ ನಂಬಿಕೆ ಸರಿಯಲ್ಲ. ಬೆಲ್ಲದ ಬಹುಭಾಗವೂ ಸಕ್ಕರೆಯೇ.

ಎಲ್ಲ ಸಿಹಿಗಳಲ್ಲಿಯೂ ಸಕ್ಕರೆಯನ್ನು ಒಂದೇ ರೀತಿ ತಗ್ಗಿಸಲಾಗದು. ಕೇಕಿನಲ್ಲಿ ಸಕ್ಕರೆಯು ರುಚಿಯನ್ನಷ್ಟೇ ಅಲ್ಲದೆ ತೇವವನ್ನೂ ಮೃದುತ್ವವನ್ನೂ ಕಾಯುತ್ತದೆ. ಆದರೂ ಕಾಲುಭಾಗ ಕಡಿಮೆ ಮಾಡಿದರೆ ಸಾಧಾರಣ ಕೇಕು ಕೆಡುವುದಿಲ್ಲ. 200 ಗ್ರಾಂ ಸಕ್ಕರೆಯ ಕೇಕನ್ನು 12 ತುಂಡು ಮಾಡಿದರೆ ತುಂಡಿಗೆ ಸುಮಾರು 17 ಗ್ರಾಂ ಬರುತ್ತದೆ. 150 ಗ್ರಾಂ ಹಾಕಿದರೆ ಹನ್ನೆರಡೂವರೆ ಗ್ರಾಂ. ಹೋಳಿಗೆಯ ಹೂರಣವೂ ಹೀಗೆಯೇ ಒಗ್ಗಿಕೊಳ್ಳುತ್ತದೆ. ಬೇಳೆಯ ಸಮಕ್ಕೆ ಹಾಕುವ ಬೆಲ್ಲವನ್ನು ಮುಕ್ಕಾಲಿಗಿಳಿಸಿದರೆ ಏಲಕ್ಕಿಯ ಪರಿಮಳ ಆ ಕೊರತೆಯನ್ನು ಮರೆಸುತ್ತದೆ.

ಮೈಸೂರುಪಾಕಿನ ಸಂಗತಿ ಬೇರೆ. ಅಲ್ಲಿ ಎಳೆಪಾಕವೇ ಅಡಿಪಾಯ. ಕುದಿಯುವ ಪಾಕಕ್ಕೆ ಕಡಲೆಹಿಟ್ಟು ಬೆರೆಸಿ ಕಾದ ತುಪ್ಪವನ್ನು ಸುರಿದಾಗ ಒಳಗಿನ ನೀರು ಆವಿಯಾಗಿ ಹೊರಬರುವುದರಿಂದಲೇ ಗೂಡುಗೂಡಾದ ರೂಪ ಬರುತ್ತದೆ. ತಣಿದ ಪಾಕವು ಆ ಗೂಡುಗಳನ್ನು ಹಿಡಿದಿಡುತ್ತದೆ. ಸಕ್ಕರೆಯನ್ನು ಬಹಳ ತಗ್ಗಿಸಿದರೆ ಹದ ಕೆಡುತ್ತದೆ. ಇಲ್ಲಿ ಕಡಿಮೆ ಮಾಡಬೇಕಾದುದು ಸಕ್ಕರೆಯನ್ನಲ್ಲ, ತುಂಡಿನ ಗಾತ್ರವನ್ನು. 200 ಗ್ರಾಂ ಸಕ್ಕರೆಯ ಪಾಕನ್ನು 20 ತುಂಡು ಮಾಡಿದರೆ ಒಂದರಲ್ಲಿ 10 ಗ್ರಾಂ. 40 ಮಾಡಿದರೆ 5 ಗ್ರಾಂ. ತುಪ್ಪದ ಪಾಲೂ ಅರ್ಧಕ್ಕಿಳಿಯುವುದು ಇನ್ನೊಂದು ಲಾಭ. ಗ್ರಾಂ ಒಂದಕ್ಕೆ ಸಕ್ಕರೆಯಲ್ಲಿ 4 ಕ್ಯಾಲೊರಿಗಳಿದ್ದರೆ ತುಪ್ಪದಲ್ಲಿ ಸುಮಾರು 9 ಇವೆ.

ಅಳತೆಯಲ್ಲಿ ಮಾಡಿದ್ದನ್ನು ಬಲವಂತದಿಂದ ಬಡಿಸಿದರೆ ಈ ಜಾಗರೂಕತೆಯೆಲ್ಲ ವ್ಯರ್ಥ. ‘ಇನ್ನೊಂದೇ ಒಂದು, ನನಗೋಸ್ಕರ’ ಎಂಬ ಉಪಚಾರಕ್ಕೆ ಮಣಿದು ಎಷ್ಟೋ ಹಿರಿಯರು ಪಥ್ಯ ಮುರಿದಿದ್ದಾರೆ. ಬೇಡವೆಂದವರ ಎಲೆಗೆ ಬಡಿಸದಿರುವುದೂ ಉಪಚಾರವೇ. ವೈದ್ಯರು ಒಪ್ಪಿದ ಚಿಕ್ಕ ತುಂಡೊಂದನ್ನು ಎಲ್ಲರ ಪಂಕ್ತಿಯಲ್ಲಿ, ಎಲ್ಲರೆದುರಿಗೇ ಬಡಿಸಿದಾಗ ಹಿರಿಯರಿಗೆ ದೊರೆಯುವ ತೃಪ್ತಿ, ಕದ್ದು ತಿಂದ ನಾಲ್ಕು ತುಂಡುಗಳಲ್ಲಿ ದೊರೆಯದು. ಉಳಿದುದು ನೆರೆಮನೆಗಳಿಗೆ ಹಂಚಿಹೋಗಲಿ. ಡಬ್ಬಿ ಚಿಕ್ಕದಾದರೂ ಬಾಗಿಲುಗಳು ಹೆಚ್ಚಾಗಲಿ.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಹಿರಿಯರು ಹೇಳಿದರು. ಬಡಿಸಬಲ್ಲ ಕೈಗೂ ಆ ಮಾತು ಸಲ್ಲುತ್ತದೆ. ಅಕ್ಕರೆಗೆ ಅಳತೆ ಬೇಕಿಲ್ಲ. ಸಕ್ಕರೆಗೆ ಮಾತ್ರ ಬೇಕು.